ಚಳಿ ಇನ್ನೂ ಶಿವ ಶಿವ ಅಂದಿಲ್ಲ

ಎಲ್ಲರಿಗೂ ನಮಸ್ಕಾರ.

ಮೊನ್ನೆ ಐರ್ಲೆಂಡಿನಲ್ಲಿರುವ ನಮ್ಮ ಗುಂಪಿಗೆ ಹೊಸದಾಗಿ ಸೇರಿದವರೊಬ್ಬರು ಕೇಳಿದ್ದರು. "ಅಕ್ಕ, ಇಲ್ಲಿ ಚಳಿಗಾಲ ಮುಗಿಯೋದು ಯಾವಾಗ? ನವೆಂಬರಿನಿಂದ ಮಗು ಹೊರಗೆ ಆಡೇ ಇಲ್ಲ. ಬಂದಿದ್ದು ತಪ್ಪಾಯ್ತೇನೋ ಅನಿಸ್ತಿದೆ." ಅದಕ್ಕೆ ತಲೆಗೊಂದು ಉತ್ತರ ಬಂತು. ಒಬ್ಬರು ಫೆಬ್ರವರಿ 1 ಅಂದರು, ಇನ್ನೊಬ್ಬರು ಮಾರ್ಚ್ ಅಂದರು. ಕಾರ್ಕ್‌ನ ಅಣ್ಣ ಒಬ್ಬರು "ಜೂನ್ ತಿಂಗಳ ಒಂದು ಮಂಗಳವಾರ ಮಧ್ಯಾಹ್ನ" ಅಂದರು. ನಾನೂ ಎರಡು ಸಾಲು ಬರೆಯೋಣ ಅಂತ ಕೂತೆ, ಉದ್ದ ಆಯಿತು. ಓದಿ, ಬೈಬೇಡಿ.

ತಮಾಷೆ ಅಂದರೆ ಎಲ್ಲರ ಉತ್ತರವೂ ಸರಿ. ಐರ್ಲೆಂಡಿನ ಹಳೇ ಲೆಕ್ಕದಲ್ಲಿ ವಸಂತ ಶುರುವಾಗುವುದು ಫೆಬ್ರವರಿ 1ಕ್ಕೆ, ಸಂತ ಬ್ರಿಜಿಡ್ ದಿನ. ಫೆಬ್ರವರಿ, ಮಾರ್ಚ್, ಏಪ್ರಿಲ್ ಅವರ ವಸಂತ. ಹವಾಮಾನ ಇಲಾಖೆ ಮೆಟ್ ಏರನ್ ಮಾತ್ರ ಮಾರ್ಚ್‌ನಿಂದ ಎಣಿಸುತ್ತದೆ. ನಮ್ಮ ಅಮ್ಮನದು ಮೂರನೇ ಲೆಕ್ಕ. ಶಿವರಾತ್ರಿ ದಿನ ತೀರ್ಥಹಳ್ಳಿಯಿಂದ ಫೋನ್ ಮಾಡಿದವರೇ, "ಶಿವರಾತ್ರಿ ಬಂತಲ್ಲ, ಚಳಿ ಶಿವ ಶಿವ ಅಂತ ಹೋಗಿರ್ಬೇಕಲ್ವಾ?" ಅಂದರು. ನಾನು ಕಿಟಕಿ ಕಡೆ ನೋಡಿದೆ. ಆಲಿಕಲ್ಲು ಗಾಜಿಗೆ ಹೊಡೆಯುತ್ತಿತ್ತು. "ಹೊರಟಿದೆ ಅಮ್ಮ, ಬಸ್‌ಸ್ಟಾಪಿನಲ್ಲಿ ಕಾಯ್ತಾ ನಿಂತಿದೆ" ಅಂದೆ.

ನಾನು ಮಲೆನಾಡಿನವಳು. ಆಗುಂಬೆ ನಮ್ಮ ತಾಲೂಕೇ. ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಜಾಗ. ಹಾಗಾಗಿ ಐರ್ಲೆಂಡಿನ ಪಶ್ಚಿಮ ಕರಾವಳಿಯ ಗಾಲ್ವೇಗೆ ಬರುವಾಗ "ಮಳೆ ನನಗೇನು ಹೊಸದಾ?" ಅನ್ನುವ ಜಂಭ ಇತ್ತು. ಇಲ್ಲಿ ಬೀಳುವುದು ಸುಮಾರು 1,200 ಮಿಲಿಮೀಟರ್. ಡಬ್ಲಿನ್ನಿನಲ್ಲಂತೂ 750ರ ಆಸುಪಾಸು, ಬೆಂಗಳೂರಿಗಿಂತ ಕಡಿಮೆ! ನಂಬಲ್ಲ ಅಲ್ವಾ? ಆದರೆ ಬೆಂಗಳೂರಿನ ಮಳೆ ಸಂಜೆ ಬಂದು, ಅಂಡರ್‌ಪಾಸ್ ತುಂಬಿಸಿ, ಬೆಳಿಗ್ಗೆ ಏನೂ ಆಗದವರ ಹಾಗೆ ಇರುತ್ತದೆ. ಇಲ್ಲಿ ಹಾಗಲ್ಲ. ಪಶ್ಚಿಮ ಕರಾವಳಿಯ ಕೆಲವು ಕಡೆ ವರ್ಷಕ್ಕೆ 225 ದಿನ ಮಳೆ. ಒಂದೇ ಬಕೆಟ್ ನೀರನ್ನು ಚಮಚದಲ್ಲಿ ಚಿಮುಕಿಸಿದ ಹಾಗೆ, ಇಡೀ ದಿನ. ಅದನ್ನು ಇಲ್ಲಿನವರು ಪ್ರೀತಿಯಿಂದ "ಸಾಫ್ಟ್ ಡೇ" ಅಂತಾರೆ. ನಮ್ಮ ಜಿಟಿಜಿಟಿ ಮಳೆಗೆ ಅಷ್ಟು ಮರ್ಯಾದೆ ಯಾವತ್ತೂ ಸಿಕ್ಕಿಲ್ಲ.

ಇನ್ನೊಂದು ವ್ಯತ್ಯಾಸ ನನಗೆ ತಡವಾಗಿ ಹೊಳೆಯಿತು. ನಮ್ಮೂರಲ್ಲಿ ಮಳೆಗೆ ಹೆಸರಿತ್ತು. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ. ಒಂದೊಂದು ಹೆಚ್ಚುಕಡಿಮೆ ಹದಿನಾಲ್ಕು ದಿನ. ಈಗ ಎಲ್ಲಿದ್ದೀವಿ, ಇನ್ನೆಷ್ಟು ಉಳಿದಿದೆ ಅಂತ ಅಜ್ಜಿ ಕೂತಲ್ಲೇ ಹೇಳುತ್ತಿದ್ದರು. ಇಲ್ಲಿ ಮಳೆಗೆ ಹೆಸರಿಲ್ಲ, ಬಿರುಗಾಳಿಗೆ ಮನುಷ್ಯರ ಹೆಸರಿಡುತ್ತಾರೆ. ಮೊದಲ ವರ್ಷ ನನ್ನ ಕಷ್ಟ ಮಳೆಯದ್ದಲ್ಲ. ಎಣಿಸುವುದಕ್ಕೆ ಏನೂ ಸಿಗದೇ ಇದ್ದದ್ದು ಕಷ್ಟ.

ಆ ಮೊದಲ ವರ್ಷ ನಾವು ಮಾಡಿದ ಘನಕಾರ್ಯ ಹೇಳಿಬಿಡುತ್ತೇನೆ, ಹೊಸಬರಿಗೆ ಉಪಯೋಗಕ್ಕೆ ಬರಬಹುದು. ಬಾಡಿಗೆ ಮನೆಯ ಪ್ರತಿ ರೂಮಿನ ಗೋಡೆಯಲ್ಲೂ ಒಂದು ತೂತು, ಅದಕ್ಕೊಂದು ಬಿಳಿ ಪ್ಲಾಸ್ಟಿಕ್ ಜಾಲರಿ. ಅದರಿಂದ ಗಾಳಿ ಸುಯ್ ಅಂತ ಒಳಗೆ ಬರುತ್ತಿತ್ತು. ಮಗು ಮಲಗುವ ರೂಮು ಬೇರೆ. ನಮ್ಮೆಜಮಾನರು ಹಳೇ ಪಂಚೆ ಹರಿದು ಮೂರೂ ತೂತಿಗೆ ಗಟ್ಟಿಯಾಗಿ ತುರುಕಿದರು. ಕಿಟಕಿ ಬಂದ್, ಬಾಗಿಲು ಬಂದ್, ರೇಡಿಯೇಟರ್ ಮೇಲೆ ಒದ್ದೆ ಬಟ್ಟೆ. ಬೆಚ್ಚಗಿದ್ದೆವು, ನಿಜ. ಜನವರಿ ಹೊತ್ತಿಗೆ ಬೆಳಿಗ್ಗೆ ಎದ್ದರೆ ಕಿಟಕಿ ಗಾಜಿನಿಂದ ನೀರು ಇಳಿಯುತ್ತಿತ್ತು. ಬೀರು ಸರಿಸಿ ನೋಡಿದರೆ ಹಿಂದಿನ ಗೋಡೆ ಪೂರ್ತಿ ಕಪ್ಪು ಬೂಷ್ಟು. ಮಗುವಿಗೆ ಕೆಮ್ಮು ನಿಲ್ಲುತ್ತಿರಲಿಲ್ಲ. ಮನೆ ಏಜೆಂಟ್ ಬಂದ. ಗೋಡೆ ನೋಡಿದ, ನಮ್ಮನ್ನು ನೋಡಿದ, ಜಾಲರಿ ಬಿಚ್ಚಿದ. ಪಂಚೆಯ ಅಂಚು ಹಿಡಿದು ಎಳೆದರೆ ಬರುತ್ತಲೇ ಇತ್ತು, ಜಾದೂಗಾರನ ಟೋಪಿಯಿಂದ ಬಂದ ಹಾಗೆ. ಕೆಂಪು ಅಂಚಿನ ಪಂಚೆ. ನಮ್ಮೆಜಮಾನರು ಯಾರದ್ದೋ ಪಂಚೆ ಅನ್ನುವ ಮುಖ ಮಾಡಿಕೊಂಡು ನಿಂತಿದ್ದರು.

ದಯವಿಟ್ಟು ಆ ತೂತು ಮುಚ್ಚಬೇಡಿ, ಮನೆಯೊಳಗಿನ ತೇವ ಹೊರಗೆ ಹೋಗಲಿ ಅಂತಲೇ ಅದನ್ನು ಇಟ್ಟಿರುತ್ತಾರೆ. ದಿನಕ್ಕೆ ಹತ್ತು ನಿಮಿಷ ಕಿಟಕಿ ತೆಗೆಯಿರಿ, ಚಳಿಯಾದರೂ ಸರಿ. ಗಾಳಿಯ ತೇವ ಹೀರುವ ಯಂತ್ರ, ಡಿಹ್ಯೂಮಿಡಿಫೈಯರ್ ಒಂದು ತಗೊಳ್ಳಿ. ನಮ್ಮದು ದಿನಕ್ಕೆ ಎರಡು ಲೀಟರ್ ನೀರು ಹಿಡಿಯುತ್ತದೆ. ಅಷ್ಟೂ ಮೊದಲು ನಮ್ಮ ಗೋಡೆಗೆ ಹೋಗುತ್ತಿತ್ತು.

ಹಾಟ್ ಪ್ರೆಸ್ ಬಗ್ಗೆ ಒಂದು ಮಾತು. ಬಿಸಿನೀರಿನ ಟ್ಯಾಂಕ್ ಇಟ್ಟಿರುವ ಆ ಕಪಾಟನ್ನು ನಾನು ಆರು ತಿಂಗಳು ಸೂಟ್‌ಕೇಸ್ ಇಡುವುದಕ್ಕೆ ಬಳಸಿದ್ದೆ. ಆಮೇಲೆ ಈ ಗುಂಪಿನ ಹಿರಿಯರೊಬ್ಬರು ಹೇಳಿಕೊಟ್ಟರು, ದೋಸೆ ಹಿಟ್ಟು ಅಲ್ಲಿಡಿ ಅಂತ. ಅಡುಗೆಮನೆಯಲ್ಲಿ ಎರಡು ದಿನ ಇಟ್ಟರೂ ಹುಳಿ ಬಾರದ ಹಿಟ್ಟು ಅಲ್ಲಿ ಬೆಳಗಾಗುವುದರೊಳಗೆ ಉಕ್ಕಿತ್ತು. ಟವೆಲ್ ಮೇಲೆಲ್ಲ ಚೆಲ್ಲಿತ್ತು, ಆದರೂ ಸಂತೋಷ. ಊರಲ್ಲಿ ಮಳೆಗಾಲದಲ್ಲಿ ಬಚ್ಚಲೊಲೆ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಿದ್ದೆವು. ಹೊಗೆ ವಾಸನೆಯ ಯೂನಿಫಾರಂ ಹಾಕಿಕೊಂಡು ಶಾಲೆಗೆ ಹೋದವಳು ನಾನು. ಈಗ ಮಗಳ ಯೂನಿಫಾರಂ ಹಾಟ್ ಪ್ರೆಸ್‌ನಲ್ಲಿ ಒಣಗಿ, ಸಣ್ಣಗೆ ದೋಸೆ ಹಿಟ್ಟಿನ ವಾಸನೆ ಹೊಡೆಯುತ್ತದೆ.

ಇನ್ನು ವಸಂತಕ್ಕೆ ಬರುತ್ತೇನೆ. 2025ರ ಜನವರಿ 24. ಎಯೋವಿನ್ ಬಿರುಗಾಳಿ. ಇಡೀ ದೇಶಕ್ಕೆ ರೆಡ್ ವಾರ್ನಿಂಗ್. ನಮ್ಮ ಕೌಂಟಿಯ (ಜಿಲ್ಲೆ ಅನ್ನಿ) ಮೇಸ್ ಹೆಡ್‌ನಲ್ಲಿ ಗಾಳಿ ಗಂಟೆಗೆ 184 ಕಿಲೋಮೀಟರ್ ಬೀಸಿತು, ದೇಶದಲ್ಲೇ ದಾಖಲೆ. ಏಳೂವರೆ ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಕರೆಂಟ್ ಹೋಯಿತು. ನಮಗೆ ನಾಲ್ಕು ದಿನ ಇರಲಿಲ್ಲ. ಮೇಣದಬತ್ತಿ ಬೆಳಕಿನಲ್ಲಿ ಅವಲಕ್ಕಿ ಮೊಸರು. ಇದಾದ ಒಂದೇ ವಾರಕ್ಕೆ ಮಗಳು ಶಾಲೆಯಿಂದ ಒಂದು ಶಿಲುಬೆ ಹಿಡಿದುಕೊಂಡು ಬಂದಳು. ಜೊಂಡು ಹುಲ್ಲನ್ನು ಮಡಿಸಿ ಮಡಿಸಿ ಹೆಣೆದ ಬ್ರಿಜಿಡ್ ಶಿಲುಬೆ. ನಾಲ್ಕು ತುದಿಗೂ ರಬ್ಬರ್ ಬ್ಯಾಂಡ್. "ಅಮ್ಮ, ವಸಂತ ಬಂತು. ಟೀಚರ್ ಹೇಳಿದ್ರು." ಹೊರಗೆ ಬೇಲಿ ಇನ್ನೂ ಪಕ್ಕದ ಮನೆಯವರ ಅಂಗಳದಲ್ಲೇ ಬಿದ್ದಿತ್ತು. ನನಗೆ ನಗು ಬಂತು, ಸ್ವಲ್ಪ ಸಿಟ್ಟೂ ಬಂತು.

ಪಕ್ಕದ ಮನೆ ಅಜ್ಜಿಯನ್ನು ಕೇಳಿದೆ. ಇದ್ಯಾವ ವಸಂತ ಅಂತ. ಅವರು ನಕ್ಕು ಥರ್ಮಾಮೀಟರ್ ನೋಡಬೇಡ, ಸಂಜೆ ನೋಡು ಅಂದರು. "ಗ್ರ್ಯಾಂಡ್ ಸ್ಟ್ರೆಚ್ ಇನ್ ದಿ ಈವ್ನಿಂಗ್ಸ್." ಫೆಬ್ರವರಿ ಬಂದರೆ ಇಲ್ಲಿ ಅಂಗಡಿಯವರು, ಬಸ್ ಡ್ರೈವರ್, ಎಲ್ಲರ ಬಾಯಲ್ಲೂ ಇದೇ ಮಾತು. ಸಂಜೆ ಉದ್ದ ಆಗ್ತಿದೆ ನೋಡು ಅಂತ. ನಾನು ಅದನ್ನು ಸುಮ್ನೆ ಲೋಕಾಭಿರಾಮದ ಮಾತು ಅಂದುಕೊಂಡಿದ್ದೆ.

ಬೆಂಗಳೂರಿನಲ್ಲಿ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂದೂವರೆ ಗಂಟೆ ವ್ಯತ್ಯಾಸ, ಅಷ್ಟೇ. ಅಲ್ಲಿ ಬೆಳಕು ಹೆಚ್ಚಾಯಿತು ಅಂತ ಯಾರು ಗಮನಿಸುತ್ತಾರೆ? ಇಲ್ಲಿ ಡಿಸೆಂಬರಿನಲ್ಲಿ ಏಳೂವರೆ ಗಂಟೆ ಹಗಲು, ಜೂನ್‌ನಲ್ಲಿ ಹದಿನೇಳು. ಡಿಸೆಂಬರಿನಲ್ಲಿ ಗಾಲ್ವೇಯಲ್ಲಿ ನಾಲ್ಕು ಇಪ್ಪತ್ತಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಫೆಬ್ರವರಿಯಲ್ಲಿ ದಿನಕ್ಕೆ ಮೂರು ನಾಲ್ಕು ನಿಮಿಷದಂತೆ ಹಗಲು ಬೆಳೆಯುತ್ತದೆ. ವಾರಕ್ಕೆ ಹತ್ತಿರ ಹತ್ತಿರ ಅರ್ಧ ಗಂಟೆ. ನಾವು ಬಿಸಿಲು ಕಾಯುತ್ತೇವೆ, ಇವರು ಬೆಳಕು ಕಾಯುತ್ತಾರೆ. ಬಿಸಿಲು ಮಾತು ತಪ್ಪುತ್ತದೆ. ಬೆಳಕು ಒಂದು ದಿನವೂ ತಪ್ಪಿಸುವುದಿಲ್ಲ. ನಮ್ಮ ಅಜ್ಜಿಯ ನಕ್ಷತ್ರದ ಲೆಕ್ಕದ ಹಾಗೆ, ಎಣಿಸುವುದಕ್ಕೆ ಏನೋ ಸಿಕ್ಕಿತು.

ಈ ವರ್ಷ ಆ ಎಣಿಕೆ ಮಗಳ ಕೆಲಸ. ಅಡುಗೆಮನೆಯಲ್ಲಿ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇದೆ. (ರಾಹುಕಾಲ ಬೆಂಗಳೂರಿನ ಲೆಕ್ಕದ್ದು. ಇಲ್ಲಿ ಕೆಲವು ದಿನ ಅದು ನಾವು ಹಾಸಿಗೆಯಲ್ಲಿ ಇರುವಾಗಲೇ ಮುಗಿದುಹೋಗಿರುತ್ತದೆ.) ಎದುರು ಬೀದಿದೀಪ ಹತ್ತಿದ ತಕ್ಷಣ ಅವಳು ಸ್ಟೂಲ್ ಹತ್ತಿ ಆ ದಿನದ ಮನೆಯಲ್ಲಿ ಟೈಮ್ ಬರೆಯಬೇಕು. ಸಂಕ್ರಾಂತಿಯ ದಿನ 5 ಗಂಟೆ ಅಂತಿದೆ. ಬ್ರಿಜಿಡ್ ದಿನ 5:25. ಮೊನ್ನೆ 6:05. ಮಧ್ಯೆ ಎರಡು ದಿನ ಖಾಲಿ, ಜ್ವರ ಬಂದಿತ್ತು. ಒಂದು ದಿನ 9 ಅಂತಿದೆ, ಅದು ಏನು ಅಂತ ಗೊತ್ತಿಲ್ಲ.

ಜ್ವರ ಅಂದಾಗ ನೆನಪಾಯಿತು. ಮಕ್ಕಳಿಗೆ ವಿಟಮಿನ್ ಡಿ ಕೊಡಬೇಕಾ ಅಂತ ಗುಂಪಿನಲ್ಲಿ ಕೇಳಿದ್ದಿರಿ. ಇಲ್ಲಿನ ಆರೋಗ್ಯ ಸೇವೆ ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ಹ್ಯಾಲೊವೀನ್‌ನಿಂದ ಸೇಂಟ್ ಪ್ಯಾಟ್ರಿಕ್ ದಿನದವರೆಗೆ (ಅಕ್ಟೋಬರ್ 31ರಿಂದ ಮಾರ್ಚ್ 17) ದಿನಕ್ಕೆ 5 ಮೈಕ್ರೋಗ್ರಾಂ ಕೊಡಿ ಅನ್ನುತ್ತದೆ. ಅಂದರೆ ಆ ನಾಲ್ಕೂವರೆ ತಿಂಗಳು ಸೂರ್ಯನನ್ನು ನೆಚ್ಚಿಕೊಳ್ಳಬೇಡಿ ಅಂತ ಸರ್ಕಾರವೇ ಒಪ್ಪಿಕೊಂಡ ಹಾಗಾಯಿತು. ದೊಡ್ಡವರಿಗೆ, ಅದರಲ್ಲೂ ನಮ್ಮ ಮೈಬಣ್ಣದವರಿಗೆ, ವರ್ಷವಿಡೀ ಬೇಕಾಗಬಹುದು. ಜಿಪಿ, ಅಂದರೆ ನಿಮ್ಮ ಫ್ಯಾಮಿಲಿ ಡಾಕ್ಟರ್, ಹತ್ತಿರ ಕೇಳಿಯೇ ಕೊಡಿ. ಎಂಟು ವರ್ಷದೊಳಗಿನ ಮಕ್ಕಳಿಗೆ ಉಚಿತ ಜಿಪಿ ವಿಸಿಟ್ ಕಾರ್ಡ್ ಸಿಗುತ್ತದೆ, ಇನ್ನೂ ಮಾಡಿಸದಿದ್ದರೆ ಇವತ್ತೇ ಅರ್ಜಿ ಹಾಕಿ.

"ಜನವರಿ ಫೆಬ್ರವರಿ ಮಗುವನ್ನು ಊರಿಗೆ ಕಳಿಸಿಬಿಡಿ" ಅಂತ ಇಬ್ಬರು ಬರೆದಿದ್ದಾರೆ. ಚಿಕ್ಕ ಮಗುವಾದರೆ ನಿಮ್ಮಿಷ್ಟ. ಆರು ವರ್ಷ ಆದಮೇಲೆ ಶಾಲೆ ಕಡ್ಡಾಯ. ವರ್ಷದಲ್ಲಿ 20 ದಿನ ತಪ್ಪಿಸಿದರೆ ಶಾಲೆಯವರು ಮಕ್ಕಳ ವಿಷಯ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಟುಸ್ಲಾಗೆ ತಿಳಿಸಬೇಕಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಪ್ರತಿ ಚಳಿಗಾಲ ಇಲ್ಲಿಂದ ಓಡಿಹೋದರೆ ಮಗುವಿಗೆ ಇದು ಬರೀ ಬೇಸಿಗೆಯ ಊರಾಗುತ್ತದೆ. ಇದು ನನ್ನ ಅಭಿಪ್ರಾಯ, ಜಗಳಕ್ಕೆ ಬರಬೇಡಿ.

ಹೊರಗೆ ಬಿಡಿ ಅಂತ ಮಾತ್ರ ಧೈರ್ಯವಾಗಿ ಹೇಳುತ್ತೇನೆ. ಮೈಪೂರ್ತಿ ಮುಚ್ಚುವ ಪಡಲ್ ಸೂಟ್, ಉದ್ದದ ರಬ್ಬರಿನ ವೆಲ್ಲಿ ಬೂಟು. ಕೊಡೆ ಬೇಡ, ಇಲ್ಲಿನ ಗಾಳಿಗೆ ಅದು ಎರಡು ದಿನವೂ ಬಾಳುವುದಿಲ್ಲ. ನನ್ನ ಮಗಳು ಕೆಸರುಗುಂಡಿಯಲ್ಲಿ ನಿಂತು ಶಾಲೆಯಲ್ಲಿ ಕಲಿತ ಐರಿಷ್ ಹೇಳುತ್ತಾಳೆ. "ತಾ ಶೇ ಅಗ್ ಕುರ್ ಬಾಶ್ತೀ." ಮಳೆ ಬರ್ತಿದೆ ಅಂತ. ಪದಕ್ಕೆ ಪದ ಇಟ್ಟರೆ "ಅವನು ಮಳೆ ಹಾಕ್ತಾ ಇದ್ದಾನೆ" ಅಂತಾಗುತ್ತದಂತೆ. "ನಮ್ಮೂರಲ್ಲಿ ಮಳೆ ಹೊಯ್ತದೆ ಅಂತೀವಿ" ಅಂದೆ. "ಅಲ್ಲಿ ಯಾರು ಹೊಯ್ಯೋದು?" ಅಂತ ಕೇಳಿದಳು. ಅಮ್ಮನಿಗೆ ಫೋನ್ ಕೊಟ್ಟೆ. ಅಜ್ಜಿ ಮೊಮ್ಮಗಳು ಅರ್ಧ ಗಂಟೆ ಅದನ್ನೇ ಮಾತಾಡಿದರು.

ಮಾರ್ಚ್ ಬಂದಾಗ ಮಾತ್ರ ಮೋಸ ಹೋಗಬೇಡಿ. ಡ್ಯಾಫೊಡಿಲ್ ಹೂವು ರಸ್ತೆ ಪಕ್ಕದಲ್ಲೆಲ್ಲ ಅರಳುತ್ತದೆ, ನಾವು ಸ್ವೆಟರ್ ಒಳಗಿಡುತ್ತೇವೆ. ಇಲ್ಲಿ ಒಂದು ಹಳೇ ಕಥೆ ಇದೆ. ಪಟ್ಟೆಪಟ್ಟೆ ಮುದಿ ಹಸುವೊಂದು ಮಾರ್ಚ್ ಮುಗಿಯಿತು, ಈ ತಿಂಗಳು ನನ್ನನ್ನು ಏನೂ ಮಾಡಲಾಗಲಿಲ್ಲ ಅಂತ ಜಂಭ ಕೊಚ್ಚಿತಂತೆ. ಮಾರ್ಚ್‌ಗೆ ಸಿಟ್ಟು ಬಂದು, ಏಪ್ರಿಲ್ ಹತ್ತಿರ ಮೂರು ದಿನ ಸಾಲ ತೆಗೆದು, ಅದನ್ನು ಚಳಿಯಲ್ಲಿ ಮುಗಿಸಿಬಿಟ್ಟಿತಂತೆ. ಏಪ್ರಿಲ್ ಮೊದಲ ದಿನಗಳ ಚಳಿಗೆ ಈಗಲೂ ಆ ಹಸುವಿನ ಹೆಸರೇ. ಮಗಳಿಗೆ ಹೇಳಿದರೆ, "ನಮ್ಮ ಕಥೆಯ ಹಸು ಹುಲಿ ಹತ್ತಿರ ವಾಪಸ್ ಹೋಗಿ ಬದುಕಿತ್ತಲ್ಲ, ಇದು ಯಾಕೆ ಸತ್ತಿತು?" ಅಂತ ಅತ್ತಳು. ಹಾಗಾಗಿ ಕಥೆ ಬೇಕಾದರೆ ಬದಲಾಯಿಸಿ ಹೇಳಿ, ಸ್ವೆಟರ್ ಮಾತ್ರ ಕೈಗೆ ಸಿಗುವಲ್ಲೇ ಇರಲಿ.

2025ರಲ್ಲಿ ಯುಗಾದಿ ಮಾರ್ಚ್ 30ಕ್ಕೆ ಬಂದಿತ್ತು. ಅವತ್ತೇ ಗಡಿಯಾರ ಒಂದು ಗಂಟೆ ಮುಂದೆ ಹೋಯಿತು. ಎಣ್ಣೆನೀರಿಗೆ ಬೇಗ ಏಳಬೇಕಾದ ದಿನವೇ ಒಂದು ಗಂಟೆ ನಿದ್ದೆ ಖೋತಾ. ಆದರೆ ರಾತ್ರಿ ಎಂಟಕ್ಕೆ ಹೋಳಿಗೆ ತಿನ್ನುವಾಗ ಲೈಟ್ ಹಾಕುವ ಅಗತ್ಯ ಇರಲಿಲ್ಲ. 2026ರಲ್ಲಿ ಯುಗಾದಿ ಮಾರ್ಚ್ 19, ಗಡಿಯಾರ ತಿರುಗಿಸುವುದು 29ಕ್ಕೆ.

ಅಂದ ಹಾಗೆ, ಗಾಲ್ವೇ ಹತ್ತಿರ ಹಸಿ ಬೇವಿನ ಎಲೆ ಎಲ್ಲಾದರೂ ಸಿಗುತ್ತಾ? ಹೋದ ವರ್ಷ ಪುಡಿ ಹಾಕಿದ್ದೆ. ಮಗಳು ಬೆಲ್ಲ ಮಾತ್ರ ಆರಿಸಿಕೊಂಡು ತಿಂದು, ಪುಡಿಯನ್ನು ಕಿಟಕಿ ಕಟ್ಟೆ ಮೇಲೆ ಒರೆಸಿದ್ದಳು.