ಕ್ಲೀವ್‌ಲ್ಯಾಂಡ್‌ನ ರಾಕ್ ರೇಡಿಯೊಗೆ ಮೈಕಲ್ ಸ್ಟ್ಯಾನ್ಲಿಯವರ ಮೇಲೇಕೆ ಇಷ್ಟು ಮಮತೆ?

ಏರಿದಂಡೆ (ಪ್ರಶ್ನೆ):
ಎರಡು ವರ್ಷಗಳ ಹಿಂದೆ ಶಿಕಾಗೊದಿಂದ ಕ್ಲೀವ್‌ಲ್ಯಾಂಡ್‌ಗೆ ಬಂದು ನೆಲೆಸಿದ ಮೇಲೆ, ಕೆಲಸಕ್ಕೆ ಹೋಗಿಬರುವ ದಾರಿಯಲ್ಲಿ ಇಲ್ಲಿನ ಹಳೆಯ ರಾಕ್ ಹಾಡುಗಳ ಸ್ಟೇಷನ್ ಕೇಳುವುದು ನನಗೆ ಅಭ್ಯಾಸವಾಗಿದೆ. ಲೆಡ್ ಜೆಪ್ಲಿನ್, ಪಿಂಕ್ ಫ್ಲಾಯ್ಡ್‌ಗಳ ನಡುವೆ ಮೈಕಲ್ ಸ್ಟ್ಯಾನ್ಲಿ ಬ್ಯಾಂಡಿನ ಹಾಡುಗಳೂ ಬರುತ್ತವೆ. ಶಿಕಾಗೊದಲ್ಲಿದ್ದ ಒಂಬತ್ತು ವರ್ಷಗಳಲ್ಲಿ ಆ ಹೆಸರನ್ನು ಒಮ್ಮೆಯೂ ಕೇಳಿರಲಿಲ್ಲ. ಕಳೆದ ವಾರ ಕಾರಿನ ಆಯಿಲ್ ಬದಲಿಸಲು ಗ್ಯಾರೇಜಿಗೆ ಹೋಗಿದ್ದಾಗಲೂ ಅವರ ಹಾಡೊಂದು ಬಂತು. ಕಾರಿನಡಿ ಮಲಗಿದ್ದ, ಅರವತ್ತು ದಾಟಿದ ಮೆಕ್ಯಾನಿಕ್ ಅಲ್ಲಿಂದಲೇ ಸ್ಪ್ಯಾನರಿನಲ್ಲಿ ತಾಳ ಹಾಕುತ್ತ ಇಡೀ ಹಾಡನ್ನು ಜೊತೆಗೂಡಿ ಹಾಡಿ ಮುಗಿಸಿದರು. ಬೇರೆಡೆ ಅಷ್ಟಾಗಿ ಕೇಳಿಬರದ ಹಿರಿಯರೊಬ್ಬರನ್ನು ಒಂದು ಊರಿನ ರೇಡಿಯೊ ಹೀಗೆ ಕೈಬಿಡದೆ ಹಿಡಿದುಕೊಂಡಿರುವುದೇಕೆ? ಇದರ ಹಿಂದೆ ಹಣದ ವ್ಯವಹಾರವೇನಾದರೂ ಇರುತ್ತದೆಯೆ?

ಹಳೇ ಕ್ಯಾಸೆಟ್:
ಉತ್ತರಕ್ಕೆ ಎಪ್ಪತ್ತರ ದಶಕಕ್ಕೆ ಹೋಗಬೇಕಾಗುತ್ತದೆ. ಆಗ ಇಲ್ಲಿನ ಡಬ್ಲ್ಯೂಎಂಎಂಎಸ್ ಸ್ಟೇಷನ್ನಿನಲ್ಲಿ ಯಾವ ಹಾಡು ಹಾಕಬೇಕೆಂಬುದನ್ನು ಬಹುಮಟ್ಟಿಗೆ ಅಲ್ಲಿನವರೇ ನಿರ್ಧರಿಸುತ್ತಿದ್ದರು. 1974ರಲ್ಲಿ ಕೆನಡಾದ ರಶ್ ತಂಡದ ಏಳು ನಿಮಿಷದ ‘ವರ್ಕಿಂಗ್ ಮ್ಯಾನ್’ ಹಾಡನ್ನು ಇಲ್ಲಿ ಮೊದಲು ಹಾಕಿಸಿದವರು ಆ ಸ್ಟೇಷನ್ನಿನ ಸಂಗೀತ ನಿರ್ದೇಶಕಿ ಡೊನ್ನಾ ಹಾಲ್ಪರ್. ಕಾರ್ಖಾನೆಗಳ ಊರಿಗೆ ದುಡಿಯುವವನ ಹಾಡು ಹಿಡಿಸದೆ ಇದ್ದೀತೆ? ಊರಿನವರೇ ಆದ ಸ್ಟ್ಯಾನ್ಲಿಯವರಿಗೂ ಇದೇ ಬೆಂಬಲ ದೊರಕಿತು. 1982ರ ಆಗಸ್ಟಿನಲ್ಲಿ ಬ್ಲಾಸಮ್ ಬಯಲು ರಂಗಮಂದಿರದಲ್ಲಿ ಅವರ ತಂಡ ನಾಲ್ಕು ರಾತ್ರಿ ನಡೆಸಿದ ಕಛೇರಿಗಳಿಗೆ 74,404 ಜನ ಸೇರಿದ್ದರು. ಆದರೆ ಅದೇ ತಂಡದ ಯಾವ ಹಾಡೂ ಇಡೀ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರಲ್ಲಿ 33ನೇ ಸ್ಥಾನಕ್ಕಿಂತ ಮೇಲೇರಲಿಲ್ಲ. ತಂಡ 1987ರಲ್ಲಿ ಚದುರಿತು. ಆದರೆ 1990ರಿಂದ, 2021ರಲ್ಲಿ ತೀರಿಕೊಳ್ಳುವವರೆಗಿನ ಮೂರು ದಶಕಗಳ ಕಾಲ, ಸ್ಟ್ಯಾನ್ಲಿಯವರೇ ಇಲ್ಲಿನ ಹಳೆಯ ರಾಕ್ ಹಾಡುಗಳ ಸ್ಟೇಷನ್ ಆದ ಡಬ್ಲ್ಯೂಎನ್‌ಸಿಎಕ್ಸ್‌ನ ನಿರೂಪಕರಾಗಿದ್ದರು.

ಜಾಹೀರಾತಿನವ:
ನಾನು ಬೇರೊಂದು ರಾಜ್ಯದ ಸ್ಟೇಷನ್ನಿನ ಜಾಹೀರಾತು ವಿಭಾಗದಲ್ಲಿ ಆರು ವರ್ಷ ಇದ್ದವನು. ಹಣದ ಗುಮಾನಿ ಸಹಜವೇ, ಆದರೆ ಇಲ್ಲಿ ಅದರ ಅಗತ್ಯವಿಲ್ಲ. ಕೇಳುಗರಿಗೆ ತಿಳಿಸದೆ ಹಣ ಪಡೆದು ಹಾಡು ಹಾಕುವುದು ಅಮೆರಿಕದಲ್ಲಿ 1960ರಿಂದ ಕಾನೂನುಬಾಹಿರ. ಎಎಂ, ಎಫ್‌ಎಂ ಸ್ಟೇಷನ್ನುಗಳು ರಾಯಧನ (ರಾಯಲ್ಟಿ) ಕೊಡುವುದು ಹಾಡು ಬರೆದವರಿಗೆ ಮತ್ತು ಪ್ರಕಾಶಕರಿಗೆ ಮಾತ್ರ, ಹಾಡಿದ್ದಕ್ಕೆಂದು ಯಾರಿಗೂ ಕೊಡುವುದಿಲ್ಲ.

ನಿಜವಾದ ಕಾರಣ ಪರೀಕ್ಷೆ. ನೂರರಷ್ಟು ಕೇಳುಗರನ್ನು ಹೋಟೆಲಿನ ಸಭಾಂಗಣದಲ್ಲಿ ಕೂರಿಸಿ, ನೂರಾರು ಹಾಡುಗಳ ಬಾಯಿಪಾಠವಾಗುವಂಥ ಎಂಟು-ಹತ್ತು ಸೆಕೆಂಡುಗಳ ತುಣುಕನ್ನಷ್ಟೇ ಕೇಳಿಸಿ, ಪ್ರತಿಯೊಂದಕ್ಕೂ ಅಂಕ ಹಾಕಿಸುತ್ತಾರೆ. ನಾನು ಬಾಗಿಲ ಬಳಿ ನಿಂತು ನೋಡಿದ್ದೇನೆ: ಗೊತ್ತಿರುವ ಹಾಡಾದರೆ ಎರಡನೇ ಸೆಕೆಂಡಿಗೇ ಪೆನ್ಸಿಲ್ ಓಡುತ್ತದೆ, ಗೊತ್ತಿಲ್ಲದ್ದಾದರೆ ಪಕ್ಕದವರ ಹಾಳೆಯತ್ತ ಕಣ್ಣು ಹೋಗುತ್ತದೆ. ಪರೀಕ್ಷೆ ಅಳೆಯುವುದು ಹಾಡಿನ ಯೋಗ್ಯತೆಯನ್ನಲ್ಲ, ಪರಿಚಯವನ್ನು. ಬ್ಲಾಸಮ್‌ಗೆ ಹೋಗಿಬಂದವರು ಕುಳಿತ ಸಭಾಂಗಣದಲ್ಲಿ ಸ್ಟ್ಯಾನ್ಲಿಯವರು ಪಾಸಾಗುತ್ತಾರೆ. ಅಂಥವರಿಲ್ಲದ ಊರಿನಲ್ಲಿ ಅದೇ ಹಾಡು ಫೇಲಾಗುತ್ತದೆ. ಅಂದು ರೇಡಿಯೊವೇ ಬಿತ್ತಿದ ಪರಿಚಯವನ್ನು ಇಂದು ರೇಡಿಯೊವೇ ಕೊಯ್ಯುತ್ತಿದೆ, ಅಷ್ಟೆ.

ಈ ಊರಿನ ಪಕ್ಕದ ಈರಿ ಸರೋವರದ ಆಚೆ ದಡದಲ್ಲಿರುವ ಕೆನಡಾದ ಕಥೆ ಬೇರೆ. ರೇಡಿಯೊದಲ್ಲಿ ಹಾಕುವ ಜನಪ್ರಿಯ ಸಂಗೀತದಲ್ಲಿ ಶೇ. 35ರಷ್ಟು ಕೆನಡಾದವರದೇ ಇರಬೇಕೆಂದು ಅಲ್ಲಿ ನಿಯಮವೇ ಇದೆ.

ಏರಿದಂಡೆ:
ಹಾಗಿದ್ದರೆ ಈ ಊರಿನ ಹೊಸ ತಂಡಗಳಿಗೆ ಪರಿಚಯ ಎಲ್ಲಿ ಸಿಗಬೇಕು?

ಬೇಸ್ ಗಿಟಾರ್:
ಆ ಸ್ಟೇಷನ್ನುಗಳಲ್ಲಂತೂ ಇಲ್ಲ. ಹದಿನೈದು ವರ್ಷ ಬಾರುಗಳಲ್ಲಿ ನುಡಿಸಿದವನಾಗಿ ಹೇಳುತ್ತಿದ್ದೇನೆ, ನನ್ನ ಮಾತಿನಲ್ಲಿ ಸ್ವಲ್ಪ ಹೊಟ್ಟೆಉರಿ ಇದೆಯೆಂದೇ ಇಟ್ಟುಕೊಳ್ಳಿ. ಒಂದು ಕಂಪನಿಗೆ ದೇಶದಲ್ಲಿ ಇಷ್ಟೇ ಸ್ಟೇಷನ್ನುಗಳಿರಬೇಕೆಂಬ ಮಿತಿಯನ್ನು 1996ರ ದೂರಸಂಪರ್ಕ ಕಾಯ್ದೆ ತೆಗೆದುಹಾಕಿದ ಮೇಲೆ, ಊರೂರಿನ ಸ್ಟೇಷನ್ನುಗಳು ಕೆಲವೇ ಕಂಪನಿಗಳ ಕೈಸೇರಿದವು. ಹಾಡು ಆರಿಸುವವರು ದೂರದ ಕಚೇರಿಯಲ್ಲಿರುವಾಗ, ನಮ್ಮಂಥವರು ಸಿ.ಡಿ. ಹಿಡಿದು ಯಾರ ಬಾಗಿಲು ತಟ್ಟಬೇಕು? ಸ್ಟ್ಯಾನ್ಲಿಯವರ ಹಾಡುಗಳು ನನಗೂ ಇಷ್ಟವೇ. ಆದರೆ ಅವರಿಗೆ ತೆರೆದಿದ್ದ ಬಾಗಿಲು ಅವರ ಹಿಂದೆಯೇ ಮುಚ್ಚಿಕೊಂಡಿತೆಂಬುದನ್ನು ಅವರ ಅಭಿಮಾನಿಗಳು ಒಪ್ಪುವುದಿಲ್ಲ. ಕಾಲೇಜು ರೇಡಿಯೊಗಳು ಹೊಸಬರಿಗೆ ಜಾಗ ಕೊಡುತ್ತವೆ, ನಿಜ. ಗ್ಯಾರೇಜುಗಳಲ್ಲಿ ಅವನ್ನು ಯಾರೂ ಹಾಕುವುದಿಲ್ಲ.

ಏರಿದಂಡೆ:
ಇಂದು ಅದೇ ಗ್ಯಾರೇಜಿಗೆ ಹೋಗಿ ಮೆಕ್ಯಾನಿಕ್‌ರನ್ನು ವಿಚಾರಿಸಿದೆ. 1982ರ ಆ ನಾಲ್ಕು ರಾತ್ರಿಗಳಲ್ಲಿ ಎರಡಕ್ಕೆ ಹೋಗಿದ್ದರಂತೆ. ಈ ಊರಿನ ಈಗಿನ ತಂಡವೊಂದರ ಹೆಸರು ಹೇಳಿ ಎಂದಾಗ, ಸ್ವಲ್ಪ ಹೊತ್ತು ಯೋಚಿಸಿ, ಬಿಲ್ಲು ಕೈಗಿತ್ತರು.