ಜೇಕಬ್ಸ್ ಲ್ಯಾಡರ್: ಆರ್ಕ್ ಅರ್ಧಕ್ಕೇ ನಿಂತುಬಿಡ್ತಿದೆ, ತಲೆ ಕೆಟ್ಟೋಗಿದೆ

ಕಿಡಿಮರಿ: ಮೂರು ದಿನದಿಂದ ಒದ್ದಾಡ್ತಿದೀನಿ. ನಿಯಾನ್ ದೀಪದ ಟ್ರಾನ್ಸ್‌ಫಾರ್ಮರ್, 9 ಕೆವಿ (ಕಿಲೋವೋಲ್ಟ್), 30 ಮಿಲಿಆಂಪ್. ಮೇಲೆ ಹೋದಂತೆ ದೂರವಾಗೋ ಎರಡು ತಾಮ್ರದ ಕಡ್ಡಿ, ಬುಡದಲ್ಲಿ 3 ಮಿ.ಮೀ. ಗ್ಯಾಪ್. ಆನ್ ಮಾಡಿದಾಗ ಆರ್ಕ್ (ಕಡ್ಡಿಗಳ ನಡುವೆ ಉರಿಯೋ ಕಿಡಿ) ಬುಡದಿಂದ ಸರಸರ ಮೇಲೇರುತ್ತೆ, ತುದಿಯಲ್ಲಿ ಆರಿ ಮತ್ತೆ ಬುಡದಲ್ಲಿ ಹೊತ್ತುತ್ತೆ. ಹತ್ತಿಪ್ಪತ್ತು ಸಲ ಆದ್ಮೇಲೆ ಅರ್ಧದಲ್ಲೇ ನಿಂತು ಗುಂಯ್ ಅನ್ನುತ್ತೆ. ಮೇಲೂ ಹೋಗಲ್ಲ, ಆರೋದೂ ಇಲ್ಲ.

ತಂತಿಮಾಮ: ತೇವಾಂಶ. ನೂರಕ್ಕೆ ನೂರು.

ಸುರುಳಿ: ಒಂದೇ ನಿಮಿಷದಲ್ಲಿ ತೇವಾಂಶ ಏರುತ್ತಾ ಮಾಮ?

ತಂತಿಮಾಮ: ಹಾಗಾದ್ರೆ ವೋಲ್ಟೇಜ್ ಸಾಲ್ತಿಲ್ಲ. ಗಾಳಿ ಸೀಳಿ ಕಿಡಿ ಹಾರೋಕೆ ಮಿ.ಮೀ.ಗೆ 3 ಕೆವಿ ಬೇಕು, 3 ಮಿ.ಮೀ.ಗೆ 9. ಅಂಚಿನಲ್ಲಿದೆ.

ಸುರುಳಿ: 9 ಅಂದ್ರೆ ಆರ್‌ಎಂಎಸ್, ಅಂದ್ರೆ ಎಸಿಯ ಒಂಥರಾ ಸರಾಸರಿ ಲೆಕ್ಕ; ಪೀಕ್, ಅಂದ್ರೆ ಅಲೆಯ ತುದಿ, ಸುಮಾರು 12.7 ಕೆವಿ. ಅಲ್ಲದೆ ಆ ಲೆಕ್ಕ ಕಿಡಿ ಹೊತ್ತೋಕೆ. ಹೊತ್ತಿದ ಆರ್ಕ್ ಉಳಿಯೋಕೆ ಅಷ್ಟು ಬೇಕಿಲ್ಲ. ಇವರಿಗೆ ಆರೋದೇ ಇಲ್ಲ ಅನ್ನೋದು ತಾನೆ ರೋಗ?

ಕೊರೊನಾಕಣ್ಣು: ನಂದು ಫ್ಲೈಬ್ಯಾಕ್ (ಹಳೇ ಟಿವಿಯ ಹೈವೋಲ್ಟೇಜ್ ಟ್ರಾನ್ಸ್‌ಫಾರ್ಮರ್), ಅದನ್ನ ನಡೆಸೋಕೆ ಜೆಡ್‌ವಿಎಸ್ ಡ್ರೈವರ್ ಸರ್ಕ್ಯೂಟ್. ಗುಂಯ್ ಅನ್ನೋ ಸದ್ದೇ ಇಲ್ಲ, ಬರೀ ಬುಸ್. ಬೆಳಕು ಆರಿಸಿ ನೋಡಬೇಕು!

ಸುರುಳಿ: ಅದು ಬೇರೆ ಥ್ರೆಡ್‌ಗೆ ಇರಲಿ. ಕಿಡಿಮರಿ, ಫೋಟೋ ಹಾಕಿ.

ಕಿಡಿಮರಿ: ಹಾಕಿದೀನಿ. ಮಕ್ಕಳು ಕೈ ಹಾಕಬಾರ್ದು ಅಂತ ಅಕ್ರಿಲಿಕ್ ಕೊಳವೆ, ಮೇಲೆ ಮುಚ್ಚಳ. ಇದನ್ನೂ ಹೇಳಬೇಕಿತ್ತಾ?

ಸುರುಳಿ: ಅಯ್ಯೋ, ಅದನ್ನೇ ಮೊದಲು ಹೇಳಬೇಕಿತ್ತು! ಆರ್ಕ್ ತನ್ನಷ್ಟಕ್ಕೆ ಏರಲ್ಲ. ಅದು ಕಾಯಿಸಿದ ಗಾಳಿ ಹಗುರಾಗಿ ಏರುತ್ತೆ, ಆರ್ಕನ್ನೂ ಎಳ್ಕೊಂಡು ಹೋಗುತ್ತೆ. ನಿಮ್ಮ ಕೊಳವೆಯಲ್ಲಿ ಬಿಸಿ ಗಾಳಿಗೆ ದಾರಿಯಿಲ್ಲ, ತಣ್ಣನೆಯದು ಒಳಗೆ ಬರ್ತಿಲ್ಲ. ಮೇಲರ್ಧ ಬಿಸಿಯಾಗಿ ತುಂಬಿದ್ರೆ ಎತ್ತೋರು ಯಾರು? ಬಿಸಿ ಗಾಳಿ ತೆಳು, ಅದರಲ್ಲಿ ಆರ್ಕ್ ಸುಲಭಕ್ಕೆ ಆರೋದೂ ಇಲ್ಲ. ಫೋಟೋದಲ್ಲಿ ಕೊಳವೆಯೊಳಗೆ ಕಂದು ಛಾಯೆ ಕಾಣ್ತಿದೆ, ನೈಟ್ರೋಜನ್ ಡೈಆಕ್ಸೈಡ್ ಇರಬೇಕು. ಕಿಟಕಿ ತೆರೆದಿಡಿ, ಆ ಹೊಗೆ ಮೂಸಬೇಡಿ. ಪ್ಲಗ್ ಕಿತ್ತಿಟ್ಟೇ ಮುಚ್ಚಳ ತೆಗೆಯಿರಿ, 30 ಮಿಲಿಆಂಪ್ ಪ್ರಾಣ ತೆಗೆಯೋಕೆ ಸಾಕು.

ತಂತಿಮಾಮ: ಕೊಳವೆಯೊಳಗೆ ತೇವಾಂಶ ಸಿಕ್ಕಿಕೊಂಡಿರುತ್ತೆ. ನಾನು ಹೇಳಿದ್ದೂ ಅದೇ.

ಕಿಡಿಮರಿ: ಮುಚ್ಚಳ ತೆಗೆದು ಕೊಳವೆಯನ್ನ ಎರಡು ಬೆರಳಷ್ಟು ಮೇಲೆತ್ತಿದೆ. ಹತ್ತು ನಿಮಿಷ ಆರ್ಕ್ ತುದಿ ಮುಟ್ಟಿ ಮುಟ್ಟಿ ಆರ್ತಿತ್ತು. ಈಗ ಮಕ್ಕಳ ಬೆರಳು ಕೆಳಗಿನ ಸಂದಿಗೆ ಹೋಗುತ್ತೆ. ಜಾಲರಿ ಹಾಕಿದ್ರೆ ಗಾಳಿ ಸಾಲುತ್ತಾ?

ಕೊರೊನಾಕಣ್ಣು: ಫ್ಲೈಬ್ಯಾಕ್‌ಗೆ ಬನ್ನಿ.