ಅತ್ತೆಗೆ ಸೆಟ್ ಹಲ್ಲು: ಉಳಿದಿರೋ ಎರಡನ್ನೂ ಕೀಳಿಸ್ಬೇಕಾ?

ಸುಂಟಿಕೊಪ್ಪದಿಂದ ಕೇಳಿದ್ದು:
ಅತ್ತೆಗೆ 71 ವರ್ಷ, ಶುಗರ್ ಇದೆ. ಮೇಲೆ ಹಲ್ಲೇ ಇಲ್ಲ, ಹಳೇ ಸೆಟ್ ಹಾಕ್ತಾರೆ, ಅದೂ ಈಗ ಲೂಸು. ಕೆಳಗೆ ಎರಡೂ ಕಡೆ ಒಂದೊಂದು ಕೋರೆಹಲ್ಲು ಉಳಿದಿದೆ ಅಷ್ಟೆ. ಒಬ್ರು ಡಾಕ್ಟ್ರು ಎರಡನ್ನೂ ಕಿತ್ತು ಅದೇ ವಾರ ಫುಲ್ ಸೆಟ್ ಕೊಡ್ತೀನಿ ಅಂದ್ರು, ಇನ್ನೊಬ್ರು ಮೊದ್ಲು ಎಕ್ಸ್‌ರೇ, ಶುಗರ್ ರಿಪೋರ್ಟ್ ತನ್ನಿ ಅಂದ್ರು. ಅತ್ತೆಗೆ ಪುತ್ತರಿ ಹಬ್ಬದ ಒಳಗೆ ಆಗ್ಲೇಬೇಕಂತೆ. ಅನುಭವ ಇರೋರು ಹೇಳಿ.

ವಿರಾಜಪೇಟೆಯಿಂದ:
ಅಕ್ಕ, ನಾನು ಡೆಂಟಿಸ್ಟ್, ಸೆಟ್ ಹಲ್ಲಿನ ಕೆಲ್ಸಾನೇ ಜಾಸ್ತಿ ಮಾಡೋದು. ದಯವಿಟ್ಟು ಎರಡನೇ ಡಾಕ್ಟ್ರ ಹತ್ರಾನೇ ಹೋಗಿ, ಆ ಕೋರೆಹಲ್ಲುಗಳನ್ನ ಅವಸರದಲ್ಲಿ ಕೀಳಿಸ್ಬೇಡಿ. ಬೇರು ಗಟ್ಟಿ ಇದ್ರೆ ರೂಟ್ ಕೆನಾಲ್ ಮಾಡಿ, ಮೇಲಿನ ಭಾಗ ವಸಡಿನ ಹತ್ರಕ್ಕೆ ತೇಯ್ದು, ಅದರ ಮೇಲೇ ಸೆಟ್ ಕೂರಿಸ್ಬಹುದು, ಓವರ್‌ಡೆಂಚರ್ ಅಂತೀವಿ. ಯಾಕಂದ್ರೆ ಹಲ್ಲು ಹೋದ ಕಡೆ ಮೂಳೆ ವರ್ಷ ವರ್ಷ ಕರಗ್ತಾ ಹೋಗುತ್ತೆ, ಅದೂ ಕೆಳದವಡೆಯಲ್ಲಿ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಅಂತ ಟಾಲ್‌ಗ್ರೆನ್ ಅನ್ನೋ ಸಂಶೋಧಕರು 25 ವರ್ಷ ಫಾಲೋ ಮಾಡಿ 1972ರಲ್ಲೇ ತೋರಿಸಿದಾರೆ. 1978ರಲ್ಲಿ ಕ್ರಮ್, ರೂನಿ ಅನ್ನೋರು ಐದು ವರ್ಷ ನೋಡಿದ್ರು: ಕೋರೆಹಲ್ಲಿನ ಬೇರು ಉಳಿಸ್ಕೊಂಡವರಲ್ಲಿ ಕೆಳಗೆ ಮುಂದಿನ ಮೂಳೆ 0.6 ಮಿಲಿಮೀಟರ್ ಹೋಗಿತ್ತು, ಎಲ್ಲಾ ಕೀಳಿಸ್ಕೊಂಡವರಲ್ಲಿ 5.2! ಮೇಲಿನ ಸೆಟ್ ಅಂಗುಳಕ್ಕೆ ಅಂಟ್ಕೊಂಡು ನಿಲ್ಲುತ್ತೆ, ಕೆಳಗಿನದಕ್ಕೆ ಆ ಜಾಗ ಇಲ್ಲ, ಸಾಲ್ದು ಅಂತ ನಾಲಿಗೆ ಬೇರೆ ತಳ್ತಾನೇ ಇರುತ್ತೆ. ಇದ್ದ ಮೂಳೇನೂ ಹೋದ್ರೆ ಆಮೇಲೆ ಕೆಳಗಿನ ಸೆಟ್ ನಿಲ್ಲಿಸೋದು ಇನ್ನೂ ಕಷ್ಟ ಆಗುತ್ತೆ.

ಮೊದಲ ದಿನ ನಾನು ಅಳತೇನೇ ತಗೊಳ್ಳಲ್ಲ. ಕೂರಿಸಿ ಮಾತಾಡಿಸ್ತೀನಿ, ಹಳೇ ಸೆಟ್‌ನಲ್ಲಿ ಏನು ತೊಂದ್ರೆ, ಏನು ತಿನ್ನೋಕೆ ಆಸೆ, ರಾತ್ರಿ ಹಾಕ್ಕೊಂಡೇ ಮಲಗ್ತಾರಾ ಅಂತೆಲ್ಲ. ಆಮೇಲೆ ಸೆಟ್ ತೆಗೆಸಿ ಅಂಗುಳ ನೋಡ್ತೀನಿ, ಸೆಟ್ ಕೂರೋ ಜಾಗ ಅಷ್ಟೂ ಕೆಂಪಗಿದ್ರೆ ಫಂಗಸ್ ಇರ್ಬಹುದು, ಶುಗರ್ ಇರೋರಲ್ಲಿ ಇದು ಜಾಸ್ತಿ. ಕನ್ನಡಿಯನ್ನ ಕೆನ್ನೆ ಒಳಗೆ ಇಟ್ಟು ಎಳೆದಾಗ ಅಂಟ್ಕೊಂಡ್ರೆ ಎಂಜಲು ಕಮ್ಮಿ ಇದೆ ಅಂತ ಅರ್ಥ, ಬಿಪಿ ಮಾತ್ರೆಯಿಂದಾನೂ ಆಗುತ್ತೆ, ಎಂಜಲಿಲ್ದೆ ಸೆಟ್ ಹಿಡಿಯಲ್ಲ, ಉಜ್ಜಿ ಹುಣ್ಣೂ ಆಗುತ್ತೆ. ನಿಮ್ಮ ಅತ್ತೆ ವಿಷ್ಯದಲ್ಲಿ ಇನ್ನೊಂದಿದೆ: ಮೇಲಿನ ಸೆಟ್‌ಗೆ ಕೆಳಗಿಂದ ಮುಂದಿನ ಹಲ್ಲು ಮಾತ್ರ ತಾಗ್ತಾ ಇದ್ರೆ ಮೇಲೆ ಮುಂದಿನ ವಸಡು ಮೆತ್ತಗಾಗಿ ಬೆರಳಿಟ್ರೆ ಅಲ್ಲಾಡ್ಬಹುದು. ಅದನ್ನ ಗಮನಿಸ್ದೆ ಒತ್ತಿ ಅಳತೆ ತಗೊಂಡ್ರೆ ಹೊಸ ಸೆಟ್ಟೂ ಲೂಸೇ. ಬೆರಳಿಂದ ಮುಟ್ಟಿ ನೋಡಿದ್ರಾ ಅಂತ ಡಾಕ್ಟ್ರನ್ನ ಕೇಳಿ, ಕೇಳೋಕೆ ಸಂಕೋಚ ಬೇಡ.

ಎಲೆಯಡಿಕೆ, ಹೊಗೆಸೊಪ್ಪಿನ ಅಭ್ಯಾಸ ಇದ್ರೆ ಮುಚ್ಚಿಡ್ಬೇಡಿ. ಬಾಯಿ ಎಷ್ಟು ತೆರೆಯುತ್ತೆ, ಬಿಳಿ ಕಲೆ ಇದೆಯಾ ನೋಡ್ಬೇಕು, ಇದ್ರೆ ಅದರ ಪರೀಕ್ಷೆ ಮೊದ್ಲು, ಸೆಟ್ ಆಮೇಲೆ. ಮೂಳೆ ಸವೆತಕ್ಕೆ ಇಂಜೆಕ್ಷನ್ ತಗೊಂಡಿದ್ರೆ ಹಲ್ಲು ಕೀಳೋ ಮುಂಚೆ ಹೇಳ್ಲೇಬೇಕು, ದವಡೆ ಗಾಯ ಮಾಯದೆ ಕೂತ್ಬಿಡ್ಬಹುದು.

ಕಿತ್ತ ತಕ್ಷಣ ಸೆಟ್ ಹಾಕೋದು ತಪ್ಪು ಅಂತಲ್ಲ, ಹಾಕ್ತಾರೆ. ಆದ್ರೆ ಗಾಯ ಮಾಯ್ತಾ ವಸಡು ಇಳಿಯುತ್ತೆ, ಕೆಲವು ತಿಂಗಳಲ್ಲಿ ಸೆಟ್‌ನ ಒಳಗಡೆ ಮತ್ತೆ ತುಂಬಿಸ್ಬೇಕು, ಅದನ್ನ ಮೊದ್ಲೇ ಹೇಳಿರ್ಬೇಕು. ಕೋರೆಹಲ್ಲು ಉಳಿಯಲ್ಲ ಅಂತ ಎಕ್ಸ್‌ರೇನಲ್ಲಿ ಗೊತ್ತಾದ್ರೆ, ಕೆಳಗೆ ಎರಡು ಇಂಪ್ಲಾಂಟ್ (ಮೂಳೆ ಒಳಗೆ ಕೂರಿಸೋ ಸ್ಕ್ರೂ) ಹಾಕಿ ಸೆಟ್ ಸಿಕ್ಕಿಸೋದನ್ನ ವಿಚಾರಿಸಿ. ಕೆಳಗಿನ ಸೆಟ್‌ಗೆ ಅದೇ ಮೊದಲ ಆಯ್ಕೆ ಆಗ್ಬೇಕು ಅಂತ 2002ರಲ್ಲೇ ಕೆನಡಾದ ಮೆಕ್‌ಗಿಲ್ ಯೂನಿವರ್ಸಿಟೀಲಿ ಸೇರಿದ್ದ ತಜ್ಞರು ಹೇಳಿದಾರೆ, ಖರ್ಚು ಮಾತ್ರ ಜಾಸ್ತಿ. ಪುತ್ತರಿಗೆ ಅಂತ ದುಡುಕ್ಬೇಡಿ, ತಂಬಿಟ್ಟು ಬಾಳೆಹಣ್ಣಿಂದೇ ಅಲ್ವಾ, ತಿನ್ಬಹುದು. ಪಂದಿ ಕರಿ ಮಾತ್ರ ಹೊಸ ಸೆಟ್ ಬಂದ್ಮೇಲೂ ಸ್ವಲ್ಪ ದಿನ ಸಣ್ಣ ತುಂಡು ಮಾಡಿ, ಎರಡೂ ಕಡೆ ಹಂಚ್ಕೊಂಡು ಅಗಿಯೋಕೆ ಹೇಳಿ.

ಸೋಮವಾರಪೇಟೆಯಿಂದ:
ಡಾಕ್ಟ್ರು ಹೇಳಿದ್ದು ಸರಿ. ನಮ್ಮಪ್ಪಂಗೆ ಸ್ಟ್ರೋಕ್ ಆಗಿ ಬಾಯಿ ಒಂದು ಕಡೆ ಹಿಡಿತ ಕಮ್ಮಿ, ಮೊದ್ಲು ಮಾಡ್ಸಿದ ಕಡೆ ಅದನ್ನ ಕೇಳ್ಲೇ ಇಲ್ಲ, ಹಳೇದಕ್ಕೆ ಸಂಬಂಧಾನೇ ಇಲ್ದಿರೋ ಆಕಾರದ ಸೆಟ್ ಕೊಟ್ರು, ನೋಡೋಕೆ ಚೆಂದ ಇತ್ತು ಆದ್ರೆ ಅಪ್ಪ ಒಂದು ತುತ್ತೂ ತಿನ್ನೋಕಾಗ್ದೆ ಕಣ್ಣೀರು ಹಾಕ್ತಿದ್ರು. ಇನ್ನೊಬ್ರು ಡಾಕ್ಟ್ರು ಹಳೇ ಸೆಟ್ಟನ್ನೇ ಅಚ್ಚು ತೆಗೆದು, ಅದೇ ಆಕಾರ ಇಟ್ಟು, ಸವೆದಿದ್ದನ್ನಷ್ಟೇ ಸರಿ ಮಾಡಿದ್ರು. ಬಾಯಿ ಅದಕ್ಕೆ ಒಗ್ಗಿತ್ತಲ್ಲ, ಹಾಗಾಗಿ ಬೇಗ ಹೊಂದ್ಕೊಂಡ್ರು. ಅದಕ್ಕೇ ಹೇಳೋದು, ಹಳೇ ಸೆಟ್ ಒಡೆದಿದ್ರೂ ಎಸೀಬೇಡಿ, ಜೊತೇಲಿ ತಗೊಂಡು ಹೋಗಿ.

ಮತ್ತೆ ಅಳತೆ ಎರಡು ಸಲ, ಮೇಣದಲ್ಲಿ ಕಚ್ಚಿಸೋದು, ಹಲ್ಲು ಜೋಡಿಸಿ ತೋರ್ಸೋದು, ಕೊಡೋದು, ಆಮೇಲೆ ಚುಚ್ಚೋ ಕಡೆ ಉಜ್ಜಿಸೋಕೆ ಅಂತ ಸುಮಾರು ಸಲ ಓಡಾಟ ಇರುತ್ತೆ. ಮಳೆಗಾಲದಲ್ಲಿ ವಯಸ್ಸಾದವ್ರನ್ನ ಕರ್ಕೊಂಡು ಘಾಟಿ ರಸ್ತೆ ಸುತ್ತೋದು ಕಷ್ಟ, ಕಾಫಿ ಕೊಯ್ಲು ಶುರುವಾದ್ರೆ ಮನೇಲಿ ಯಾರಿಗೂ ಬಿಡುವಿಲ್ಲ, ದಿನ ನೋಡ್ಕೊಂಡು ಶುರು ಮಾಡಿ.

ವಿರಾಜಪೇಟೆಯಿಂದ:
ಹಳೇ ಸೆಟ್ ವಿಷ್ಯ ಚೆನ್ನಾಗಿ ಹೇಳಿದ್ರಿ. ಒಂದು ಸೇರಿಸ್ತೀನಿ: ಅಳತೆ ಕೊಡೋ ಮುಂಚೆ ಕನಿಷ್ಠ ಒಂದು ದಿನ ಹಳೇ ಸೆಟ್ ತೆಗೆದಿಡ್ಬೇಕು, ಒತ್ತಿ ಹೋಗಿರೋ ವಸಡು ತನ್ನ ಆಕಾರಕ್ಕೆ ಬರ್ಲಿ, ಕೆಂಪಗಿದ್ರೆ ಇನ್ನೂ ಹೆಚ್ಚು ದಿನ. ಅಕ್ಕ, ಹೋಗುವಾಗ ಮೂರು ತಿಂಗಳ ಆವರೇಜ್ ಶುಗರ್ ರಿಪೋರ್ಟ್, ತಗೊಳ್ಳೋ ಎಲ್ಲಾ ಮಾತ್ರೆಗಳ ಚೀಟಿ, ಹಲ್ಲಿದ್ದಾಗ ನಗ್ತಾ ತೆಗೆದಿರೋ ಹಳೇ ಫೋಟೋ ಇದ್ರೆ ಅದನ್ನೂ ತಗೊಂಡು ಹೋಗಿ, ಹಲ್ಲಿನ ಸೈಜು, ಆಕಾರ ಆರಿಸೋಕೆ ತುಂಬಾ ಸಹಾಯ ಆಗುತ್ತೆ.